ಪಡುವಲ ಅಟ್ಟದ ಸುಣ್ಣದ ಬೊಟ್ಟು

"ಬಾಯ್ ಮುಚ್ಚು ಕೆಂಚಮ್ಮ! ತಪ್ಪೂ ಮಾಡಿ, ಮೇಲೆ ಕೂಗಾಡ್ತೀಯಾ?"

"ನಾನ್ಯಾಕೆ ಮುಚ್ಲಿ ಯಜಮಾನ್ರೇ? ಬೂಸ್ಟು ಹಿಡ್ದಿರೋದು ಕೊಬ್ಬರಿಗೆ, ನನ್ ಬಾಯಿಗಲ್ಲ!"

ತೋಂಟದಾರ್ಯರು ಜಗಲಿಯ ಮೇಲೆ ನಿಂತಿದ್ದರು. ನಾನು ಅಂಗಳದಲ್ಲಿ, ಹೆಗಲ ಮೇಲಿನ ಬ್ಯಾಗನ್ನೂ ಇಳಿಸದೆ ನಿಂತಿದ್ದೆ. ಚಿಕ್ಕನಾಯಕನಹಳ್ಳಿಯಲ್ಲಿ ಮಗಳ ಬಾಣಂತನ ಮುಗಿಸಿಕೊಂಡು ಬೆಳಗಿನ ಬಸ್ಸಿಗೆ ಬಂದು, ಕಿಬ್ಬನಹಳ್ಳಿಯಲ್ಲಿ ಇಳಿದು, ಮನೆಗೂ ಹೋಗದೆ ಸೀದಾ ಕೆಲಸಕ್ಕೆ ಅಂತ ಬಂದರೆ ಅಂಗಳದ ತುಂಬ ಚೀಲ ಬಿಚ್ಚಿ ಸುರಿದಿದ್ದರು. ಉಂಡೆ ಕೊಬ್ಬರಿ. ಒಂದೊಂದರ ಮೈಮೇಲೂ ಹಸಿರು ಬೂಸ್ಟು. ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಮೂಗು ಮುಚ್ಚಿಕೊಂಡಿದ್ದವನು ಗಂಗಾಧರ್. ತೋಂಟದಾರ್ಯರ ಹೆಂಡತಿಯ ತಮ್ಮ, ಕೊಬ್ಬರಿ ವ್ಯಾಪಾರಿ. ಹೆದ್ದಾರಿ ಪಕ್ಕ ಹೊಸದಾಗಿ ದೊಡ್ಡ ಶೆಡ್ಡು ಕಟ್ಟಿಸಿದ್ದಾನೆ. ಈ ಮನೆಯಿಂದ ಕೊಂಡುಹೋದ ಚೀಲಗಳನ್ನು ಶೆಡ್ಡಿನಲ್ಲಿ ಬಿಚ್ಚಿ ನೋಡಿದವನು ಹಾಗೇ ಗಾಡಿಗೆ ಹಾಕಿಕೊಂಡು ವಾಪಸ್ಸು ತಂದಿದ್ದ.

"ಬೈದಾಡಿ ಏನ್ ಬಂತು ಭಾವ," ಅಂದ ಗಂಗಾಧರ್. ಒಂದು ಉಂಡೆಯನ್ನು ಎರಡು ಹೋಳು ಮಾಡಿ ನನ್ನ ಕಡೆ ಚಾಚಿದ. "ನೋಡಮ್ಮ. ಒಳಗೆ ಇನ್ನೂ ಪಸೆ ಐತೆ. ಆಗದಿರೋ ಕಾಯಿ ಒಡ್ಸಿದೀರಿ. ನಿನ್ ಕಿವಿ ಅಂದ್ರೆ ಈ ಕಡೆಯೆಲ್ಲ ಹೆಸ್ರು. ಏನಾಯ್ತು ಹಂಗಾದ್ರೆ?"

"ಯಾವ ಅಟ್ಟದ ಕಾಯಿ ಇವು?"

"ಪಡುವಲದ್ದು," ಅಂತ ಹಿಂದಿನಿಂದ ಸಣ್ಣ ದನಿ ಬಂತು. ಸೌಂದರ್ಯ. ನನ್ನ ಜೊತೆಗಾತಿ. ನಮ್ಮಿಬ್ಬರ ಮಾಮೂಲಿ ಜಾಗದಲ್ಲಿ, ಕೊಟ್ಟಿಗೆಯ ಕಂಬಕ್ಕೆ ಒರಗಿ, ಮಚ್ಚು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನ್ನ ಮುಖ ನೋಡಲಿಲ್ಲ. ಗಂಗಾಧರನಿಗೇ ಹೇಳಿದಳು. "ಅಕ್ಕ ಊರಿಗೆ ಹೋಗೋ ಹಿಂದಿನ ದಿನ ಮೂಡಲ ಅಟ್ಟಕ್ಕೂ ಪಡುವಲ ಅಟ್ಟಕ್ಕೂ ಬೊಟ್ಟಿಟ್ಟು ಹೋಗಿತ್ತು. ನಾನು ಬೊಟ್ಟು ನೋಡ್ಕಂಡು ಒಡ್ದೆ. ಅಕ್ಕಂಗೆ ಈಚೀಚೆಗೆ ಎಡಗಿವಿ ಸೋರ್ತಿತ್ತು. ಅದ್ಕೇ ಇರ್ಬೌದು."

ನನ್ನ ಕಿವಿ ಸೋರುವ ವಿಷಯ ನನ್ನ ಗಂಡನಿಗೇ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇವಳೊಬ್ಬಳಿಗೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ತನ್ನ ತೊಡೆಯ ಮೇಲೆ ನನ್ನ ತಲೆ ಇಟ್ಟುಕೊಂಡು ಕಿವಿಗೆ ಬಿಟ್ಟವಳು ಇವಳು. ಎರಡೇ ದಿನಕ್ಕೆ ವಾಸಿಯಾಗಿತ್ತು. ಅದೂ ಅವಳಿಗೆ ಗೊತ್ತಿತ್ತು.

ಕೊಬ್ಬರಿ ಕೆಲಸ ಗೊತ್ತಿಲ್ಲದವರಿಗೆ ಇದರಲ್ಲಿ ಏನು ದೊಡ್ಡ ಮಾತು ಅನ್ನಿಸಬಹುದು. ನಮ್ಮ ಕಡೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಡುತ್ತಾರೆ. ಒಳಗಿನ ನೀರು ತಾನಾಗಿಯೇ ಇಂಗಬೇಕು. ತಿರುಳು ಚಿಪ್ಪು ಬಿಟ್ಟು ಉಂಡೆಯಾಗಬೇಕು. ಆಗಿದೆಯೋ ಇಲ್ಲವೋ ಅಂತ ಒಡೆಯುವ ಮುಂಚೆ ತಿಳಿಯುವುದಕ್ಕೆ ಇರುವ ದಾರಿ ಒಂದೇ, ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುವುದು. ಆಗದ ಕಾಯಿ ಒಡೆದರೆ ಚೀಲದಲ್ಲಿ ಬೂಸ್ಟು ಬರುತ್ತದೆ, ಅದರ ಜೊತೆಗಿದ್ದ ಒಳ್ಳೆಯದೂ ಕೆಡುತ್ತದೆ. ನಾನು ಅಲುಗಿಸಿ ನೋಡಿ, ಆಗಿರುವ ಕಾಯಿಗೆ ಒಂದು ಬೊಟ್ಟು ಸುಣ್ಣ ಒತ್ತುತ್ತೇನೆ. ಎಲೆ ಅಡಿಕೆ ಹಾಕುವವಳಾದ್ದರಿಂದ ಸುಣ್ಣದ ಡಬ್ಬಿ ಯಾವಾಗಲೂ ಸೊಂಟದಲ್ಲಿರುತ್ತದೆ. ಬೊಟ್ಟಿಲ್ಲದ ಕಾಯಿ ವಾಪಸ್ಸು ಅಟ್ಟಕ್ಕೆ. ಬೊಟ್ಟಿದ್ದದ್ದನ್ನು ಜವರಪ್ಪ ನೆಟ್ಟ ಹಾರೆಗೆ ಹಾಕಿ ಸಿಪ್ಪೆ ಸುಲಿಯುತ್ತಾನೆ. ಸುಲಿದದ್ದನ್ನು ಸೌಂದರ್ಯ ಒಡೆಯುತ್ತಾಳೆ. ನಮ್ಮ ಕೆಲಸ ಇಷ್ಟೇ.

ಅವಳು ಮೊದಲು ಬಂದಾಗ ಒಡೆಯಲು ಬರುತ್ತಿರಲಿಲ್ಲ. ಮಾಯಸಂದ್ರದ ಕಡೆಯಿಂದ ನಮ್ಮೂರಿಗೆ ಮದುವೆಯಾಗಿ ಬಂದವಳು. ಮಚ್ಚು ಎತ್ತಿದಳೆಂದರೆ ಚಿಪ್ಪಿನ ಜೊತೆ ಉಂಡೆಯೂ ಚೂರು. ಚೂರಾದದ್ದು ಎಣ್ಣೆಗೆ ಹೋಗುತ್ತದೆ, ಬೆಲೆ ಇಲ್ಲ. ಮೂರು ಮನೆಯವರು ಅವಳನ್ನು ಸಿಪ್ಪೆ ಹೊರಲು ಹಾಕಿದ್ದರು. "ಅವಳ ಕೈಗೆ ಮಚ್ಚು ಕೊಡೋ ಬದ್ಲು ಒಂದು ರೋಡ್ ರೋಲರ್ ಕೊಡಿ" ಅಂತ ಜವರಪ್ಪ ನಗಾಡುತ್ತಿದ್ದ. ನಾನು ಒಂದು ದಿನ ಅವಳ ಎದುರಿಗೆ ಕೂತು ನೋಡಿದೆ. ಅವಳಿಗೆ ಕಾಯಿಯ ಏಣು, ಚಿಪ್ಪಿನ ಮೇಲೆ ಉದ್ದಕ್ಕೆ ಉಬ್ಬಿದ ಗೆರೆ, ಎಲ್ಲಿದೆ ಅಂತ ಹುಡುಕುವ ಗಾಬರಿ. ಗಾಬರಿಗೆ ಕೈ ಬಿಗಿ, ಬಿಗಿಗೆ ಏಟು ಜೋರು. ನಾನೇ ಏಣು ಮೇಲೆ ಬರುವ ಹಾಗೆ ತಿರುಗಿಸಿ ಅವಳ ಅಂಗೈಯಲ್ಲಿ ಇಡತೊಡಗಿದೆ. "ಹುಡುಕ್ಬೇಡ ಕಣೇ, ಅಲ್ಲೇ ಐತೆ, ಮೆತ್ತಗೆ ತಟ್ಟು." ಕೈ ಸಡಿಲವಾಯಿತು. ಆಮೇಲೆ ಅವಳು ಒಡೆಯುವುದನ್ನು ನೋಡಬೇಕು. ನಾಲ್ಕು ಕಡೆ ಟಕ್ ಟಕ್ ಅಂತ ತಟ್ಟಿ ಚಿಪ್ಪು ಬಿಡಿಸಿದರೆ ಉಂಡೆಗೆ ಒಂದು ಗೀರೂ ಇರುತ್ತಿರಲಿಲ್ಲ.

ನಾನು ಅವಳಿಗೆ ಕೊಟ್ಟದ್ದನ್ನಷ್ಟೇ ಹೇಳಿದರೆ ಸುಳ್ಳಾಗುತ್ತದೆ. ನನ್ನ ಕಿವಿಗೆ ಹೆಸರು ತಂದವಳು ಅವಳು. ಅವಳು ಬರುವ ಮುಂಚೆಯೂ ನನಗೆ ಕೇಳಿಸುತ್ತಿತ್ತು. ಆದರೆ ಏನು ಕೇಳಿಸುತ್ತದೆ ಅಂತ ನನಗೇ ಹೇಳಲು ಬರುತ್ತಿರಲಿಲ್ಲ. "ಆಗಿಲ್ಲ ಅಂದ್ರೆ ಆಗಿಲ್ಲ" ಅಂತ ಮನೆಯವರ ಮೇಲೆ ರೇಗಿ ಎದ್ದು ಬರುತ್ತಿದ್ದೆ. ಮುಂದಿನ ಸಲ ಆ ಮನೆಯವರು ಕರೆಯುತ್ತಿರಲಿಲ್ಲ. ಇವಳು ಪಕ್ಕದಲ್ಲಿ ಕೂತು ಪ್ರತಿ ಕಾಯಿಗೂ ಕೇಳುವಳು, "ಇದು ಯಾವ ಥರ ಸದ್ದು ಅಕ್ಕ?" ಇಬ್ಬರೂ ಸೇರಿ ಸದ್ದುಗಳಿಗೆ ಹೆಸರಿಟ್ಟೆವು. ನೀರಿರುವ ಕಾಯಿ 'ಕೊಡ'. ಪೂರ್ತಿ ಆದದ್ದು 'ಗಿಲಕಿ'. ನೀರು ಇಂಗಿದ್ದರೂ ಒಳಗೆ ಪಸೆ ಉಳಿದು ಮಂಕಾಗಿ ಗೊರ ಅನ್ನುವುದು 'ಮುದುಕಿ ಕೆಮ್ಮು'. ಮೋಸ ಮಾಡುವುದು ಈ ಮುದುಕಿಯೇ. ಹೆಸರಿಟ್ಟ ಮೇಲೆ ನನಗೆ ತಪ್ಪಿದ್ದು ಕಡಿಮೆ. ಅವಳೇ ಮನೆ ಮನೆಯಲ್ಲೂ ಹೇಳಿದಳು, "ಕೆಂಚಕ್ಕನ ಕಿವಿ ಅಂದ್ರೆ ಕಿವಿ ಕಣ್ರೀ." ನಾನು ಮನೆಯವರಿಗೆ ಬೈದರೆ ನಗುತ್ತಾ ನಡುವೆ ಬರುವಳು. "ಅಕ್ಕ ಬೈತು ಅಂದ್ರೆ ನಿಮ್ ಕಾಯಿ ಮೇಲೆ ಪ್ರೀತಿ ಅಂತ ಅರ್ಥ ಯಜಮಾನ್ರೇ." ತುರುವೇಕೆರೆ ಕಡೆಯಿಂದಲೂ ಜನ ಬಂದು ನಮ್ಮಿಬ್ಬರನ್ನೇ ಕೇಳುವಂತಾಯಿತು. ಕೆಂಚಮ್ಮ ಸೌಂದರ್ಯ ಅಂತ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು.

ಆ ಸೌಂದರ್ಯ ಈಗ ಕಂಬಕ್ಕೆ ಒರಗಿ ನನ್ನ ಕಿವಿ ಸೋರುತ್ತದೆ ಅನ್ನುತ್ತಿದ್ದಳು.

"ಏನಂದೆ? ಇನ್ನೊಂದ್ಸಲ ಅನ್ನು," ಅಂದೆ.

"ನಾನೇನ್ ಬೇಕಂತ ಹೇಳ್ತಿದೀನಾ ಅಕ್ಕ? ಆಗಿದ್ದು ಹೇಳ್ದೆ."

"ಪಡುವಲ ಅಟ್ಟ ದೀಪಾವಳಿ ಕಳೀಲಿ, ಎಲ್ಲ ಮುದುಕಿ ಕೆಮ್ತವೆ ಅಂತ ನಿಂಗೆ ಹೇಳಿ ಹೋಗ್ಲಿಲ್ವೇನೇ ನಾನು? ಅದೇ ಕಂಬದ ಹತ್ರ ನಿಂತು ಹೇಳ್ಲಿಲ್ವಾ?"

"ಹಂಗ್ ಹೇಳಿದ್ದು ನಂಗೆ ನೆಪ್ಪಿಲ್ಲ."

ತೋಂಟದಾರ್ಯರು ಜಗಲಿಯಿಂದ ಕೈ ಬೀಸಿದರು. "ಬುಡು ಕೆಂಚಮ್ಮ. ವಯಸ್ಸಾಯ್ತು, ಕಿವಿ ಕೈಕೊಡ್ತು. ಒಂದ್ಸಲ ತಪ್ಪಾಯ್ತು ಅಂದ್ಬುಡು, ಮುಗೀತದೆ. ನಮ್ ಗಂಗಾಧರ ಏನು ಬೇರೆಯವ್ನಾ?"

ಅವರ ದನಿ ಮೆತ್ತಗಾದದ್ದು ನನಗೆ ಸರಿ ಕಾಣಲಿಲ್ಲ. ಕೊಬ್ಬರಿ ಕೆಟ್ಟರೆ ತೋಂಟದಾರ್ಯರು ಮೂರು ದಿನ ಊಟ ಬಿಡುವ ಮನುಷ್ಯ. ಇಷ್ಟೊಂದು ಚೀಲ ಬೂಸ್ಟು ಹಿಡಿದು ವಾಪಸ್ಸು ಬಂದಿದೆ, ಇವರು ಮುಗೀತದೆ ಅನ್ನುತ್ತಿದ್ದಾರೆ.

ನಾನು ಬ್ಯಾಗನ್ನು ಕೆಳಗೆ ಹಾಕಿ ಜವರಪ್ಪನ ಕಡೆ ತಿರುಗಿದೆ. ಅವನು ಹಾರೆಯ ಪಕ್ಕ ಬೀಡಿ ಹಚ್ಚಿಕೊಂಡು, ಇದು ತನ್ನ ಊರಿನ ಜಗಳವೇ ಅಲ್ಲ ಅನ್ನುವ ಹಾಗೆ ಆಕಾಶ ನೋಡುತ್ತಿದ್ದ.

"ಜವರಣ್ಣ, ಸುಲಿದೋನು ನೀನು. ಬೊಟ್ಟು ನೋಡಿದ್ಯಾ?"

"ನೋಡ್ದೆ ಇರ್ತೀನಾ? ಬೊಟ್ಟಿಲ್ದೆ ನಾನು ಕಾಯಿ ಮುಟ್ಟಲ್ಲ. ಇತ್ತು, ಸುಲ್ದೆ."

"ಎಂಥ ಬೊಟ್ಟು?"

"ಬೊಟ್ಟಲ್ಲಿ ಎಂಥದ್ದು ಅಂತ ಇರ್ತದೇನಮ್ಮ? ಬೆಳ್ಳಗಿತ್ತು."

"ಸಿಪ್ಪೆ ಎಲ್ಲಾಕಿದೀಯಾ?"

ಬೀಡಿ ಹಿಡಿದ ಕೈಯಲ್ಲೇ ಕೊಟ್ಟಿಗೆ ಹಿಂದೆ ತೋರಿಸಿದ. ಸೌಂದರ್ಯ ತಟಕ್ಕನೆ ತಲೆ ಎತ್ತಿದ್ದು ಆಗ. ಅವಳು ಏಳುವಷ್ಟರಲ್ಲಿ ನಾನು ಕೊಟ್ಟಿಗೆಯ ಹಿಂದೆ ಇದ್ದೆ.

ಸಿಪ್ಪೆಯ ಗುಡ್ಡೆ ಎರಡಾಳೆತ್ತರ ಇತ್ತು. ಮೇಲಿನ ನಾಲ್ಕು ಎಳೆದು ಹಾಕಿದೆ. ಮಳೆ ಬಿದ್ದಿರಲಿಲ್ಲವಾದ್ದರಿಂದ ಸುಣ್ಣ ಹಾಗೇ ಇತ್ತು. ನಾನು ಬೊಟ್ಟಿಡುವುದು ಹೆಬ್ಬೆರಳಿನಲ್ಲಿ. ಒತ್ತಿ ಕೆಳಗೆ ಎಳೆದುಬಿಡುತ್ತೇನೆ, ಎಲೆಗೆ ಸುಣ್ಣ ಸವರುವ ಅಭ್ಯಾಸ. ಹಾಗಾಗಿ ನನ್ನ ಬೊಟ್ಟಿಗೆ ಬಾಲ ಇರುತ್ತದೆ. ಈ ಸಿಪ್ಪೆಯ ಮೇಲಿದ್ದದ್ದು ದುಂಡು ಬೊಟ್ಟು. ಎಲ್ಲವೂ ಒಂದೇ ಅಳತೆ, ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ. ಆ ಬೆರಳನ್ನು ನಾನು ದಿನಾ ಎದುರಿಗೆ ಕೂತು ನೋಡಿದ್ದೇನೆ.

ಒಂದು ಸಿಪ್ಪೆ ಹಿಡಿದುಕೊಂಡು ಬಂದೆ. ಗಂಗಾಧರನ ಮುಂದೆ ಎಸೆದೆ. ಆಮೇಲೆ ಮೂಡಲ ಅಟ್ಟದಿಂದ ಇಳಿಸಿ ಇನ್ನೂ ಸುಲಿಯದೆ ಇಟ್ಟಿದ್ದ ರಾಶಿಯಿಂದ ಒಂದು ಕಾಯಿ ತಂದು ಅದರ ಪಕ್ಕಕ್ಕಿಟ್ಟೆ. ಒಂದಕ್ಕೆ ಬಾಲ, ಇನ್ನೊಂದಕ್ಕೆ ಇಲ್ಲ. ಕುರುಡರಿಗೂ ಗೊತ್ತಾಗುವಂತಿತ್ತು.

"ಇದು ನಂದು. ಇದು ಯಾರ್ದು ಅಂತ ಅವಳ್ನೇ ಕೇಳಿ."

ಜವರಪ್ಪ ಬಗ್ಗಿ ನೋಡಿ, "ಅಯ್ಯೋ, ಹೌದಲ್ಲ. ಬಾಲ ಇಲ್ಲ," ಅಂದ. ಈಗ ಗೊತ್ತಾಯಿತು ಇವನಿಗೆ!

ಸೌಂದರ್ಯ ಮಚ್ಚನ್ನು ಪಕ್ಕಕ್ಕಿಟ್ಟು ಎದ್ದು ನಿಂತಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

"ನಾನೇ ಇಟ್ಟಿದ್ದು. ಏನೀಗ?" ಅಂದಳು. "ಎಷ್ಟು ವರ್ಷ ಅಕ್ಕ ನಿನ್ ಎದ್ರು ಕೂತಿರೋದು? ಆ ಸದ್ದು ಈ ಸದ್ದು ಎಲ್ಲ ನಂಗೂ ಗೊತ್ತು. ಹೆಸ್ರಿಟ್ಟಿದ್ದೇ ನಾನು. ಆದ್ರೂ ಎಲ್ಲಾರೂ ಕೆಂಚಮ್ಮನ ಕಿವಿ, ಕೆಂಚಮ್ಮನ ಕಿವಿ. ನನ್ ಕೈ ಬಗ್ಗೆ ಹೇಳೋರೂ ಕೆಂಚಮ್ಮ ಕಲ್ಸಿದ್ದು ಅಂತಾರೆ."

"ಅದ್ಕೆ?"

"ಅದ್ಕೆ, ಶೆಡ್ಡಿಗೆ ಒಬ್ರು ಬೇಕು, ಕಾಯಿ ನೋಡೋಕೂ ಒಡ್ಸೋಕೂ ಒಬ್ರೇ ಆಗ್ಬೇಕು, ಮೇಸ್ತ್ರಿ ಮಾಡ್ಕೊತೀವಿ ಅಂದ್ರು. ನೀನು ಊರಲ್ಲಿರ್ಲಿಲ್ಲ. ನಾನೇ ನೋಡಾಣ ಅಂತ ಇಳ್ಸ್ದೆ. ಅಲುಗ್ಸಿದ್ರೆ ನಂಗೆ ಗಿಲಕಿ ಸದ್ದೇ ಕೇಳ್ಸಿದ್ದು ಕಣಕ್ಕ, ನನ್ ಮಗೀನ್ ಆಣೆ. ನೀನು ಪಕ್ಕದಲ್ಲಿದ್ದಾಗ ಎಲ್ಲ ಸರ್ಯಾಗೇ ಗೊತ್ತಾಗ್ತಿತ್ತು. ನೀನಿಲ್ದೆ..." ಅಷ್ಟಕ್ಕೇ ನಿಲ್ಲಿಸಿದಳು.

"ಯಾರು ಅಂದಿದ್ದು ಮೇಸ್ತ್ರಿ ಮಾಡ್ಕೊತೀವಿ ಅಂತ?"

ಅವಳು ಜಗಲಿಯ ಕಡೆ ನೋಡಿದಳು. ನಾನೂ ನೋಡಿದೆ. ತೋಂಟದಾರ್ಯರು ಶಲ್ಯ ಸರಿಮಾಡಿಕೊಳ್ಳುತ್ತಿದ್ದರು.

"ನಾನೇ ಗಂಗಾಧರಂಗೆ ಇವ್ಳ ಹೆಸ್ರು ಹೇಳಿದ್ದು," ಅಂದರು. "ಏನ್ ತಪ್ಪು? ನಿನ್ ಬಾಯಿಗೆ ಶೆಡ್ಡಲ್ಲಿ ಹತ್ತು ಜನ ಹೆಣ್ಣಾಳು ನಿಲ್ತಾರಾ ಕೆಂಚಮ್ಮ? ಈ ಹುಡ್ಗಿ ಮೆದು. ಒಂದು ಅಟ್ಟ ನೀನೇ ನೋಡು, ಚೆನ್ನಾಗ್ ಬಂದ್ರೆ ಆಮೇಲೆ ಹೇಳಾಣ, ಗಂಗಾಧರಂಗೂ ನಂಬ್ಕೆ ಬತ್ತದೆ ಅಂತ ಅವ್ಳಿಗಂದೆ."

ಅಂದರೆ ಇವರಿಗೆ ಗೊತ್ತಿತ್ತು. ನಾನು ಬಸ್ಸಿಳಿದು ಬಂದು ಅಂಗಳದಲ್ಲಿ ನಿಂತ ಗಳಿಗೆಯಿಂದ ಬಾಯಿ ಮುಚ್ಚು, ತಪ್ಪು ಮಾಡಿದೀಯಾ, ವಯಸ್ಸಾಯ್ತು ಅಂದದ್ದೆಲ್ಲ ಗೊತ್ತಿದ್ದೇ ಅಂದದ್ದು. ಈ ಮನೆಯ ಕಾಯಿ ಹಾಳಾಗಬಾರದು ಅಂತ ಜ್ವರ ಬಂದಾಗಲೂ ಅಟ್ಟ ಹತ್ತಿದ್ದೇನೆ. ಆಗ ಇವರ ಹೆಂಡತಿ ಗುರುಸಿದ್ದಮ್ಮನವರು ಏಣಿ ಹಿಡಿದುಕೊಂಡು, "ಇಳಿಯೇ ಮಾರಾಯ್ತಿ, ಸತ್ತೋಗ್ತೀಯ" ಅಂತ ಕೂಗಿದ್ದರು. ಇವತ್ತು ಆಯಮ್ಮ ಒಳಗಿನಿಂದ ಹೊರಗೆ ಬರಲೇ ಇಲ್ಲ.

ಗಂಗಾಧರ್ ನಿಧಾನವಾಗಿ ಎದ್ದ. ಮಂಡಿಯ ಧೂಳು ಕೊಡವಿಕೊಂಡ. ಅವನ ಮುಖ ಕೆಂಪಗಾಗಿತ್ತು. "ಹಂಗಾರೆ ನಂಗೂ ನಾಟ್ಕ ಆಡಿದ್ರಿ ಭಾವ ನೀವು," ಅಂದ. ಆಮೇಲೆ ನಮ್ಮಿಬ್ಬರನ್ನೂ ಒಂದು ಸಲ ನೋಡಿ, ವ್ಯಾಪಾರಿ ಅಲ್ಲವೇ, ಬೇಗ ಲೆಕ್ಕ ಹಾಕಿದ. "ನೋಡ್ರಮ್ಮ, ನಂಗೆ ನಿಮ್ ಜಗಳ ಬೇಡ. ಈವಮ್ಮನ ಕಿವಿ ಸರ್ಯಾಗೈತೆ ಅಂತ ಈ ಸಿಪ್ಪೆನೇ ಹೇಳ್ತು. ಆಯಮ್ಮ ಒಡ್ದಿರೋ ಉಂಡೆ ನೋಡ್ದೆ, ಬೂಸ್ಟು ಬಂದಿದ್ರೂ ಒಂದ್ರ ಮೈಮೇಲೂ ಗೀರಿಲ್ಲ. ನೀವಿಬ್ರೂ ಒಟ್ಗಿದ್ರೇನೇ ಕೆಲ್ಸ. ಇಬ್ರೂ ಬನ್ನಿ ಶೆಡ್ಡಿಗೆ. ಮೇಸ್ತ್ರಿ ಗೀಸ್ತ್ರಿ ಏನೂ ಬೇಡ. ಇಲ್ಲಿ ಹೆಂಗ್ ಕೂತಿದ್ರೋ ಹಂಗೇ ಎದುರು ಬದ್ರು ಕೂತ್ಕಳಿ."

ಆ ಮಾತು ನಿಜ. ನನಗೆ ಸಿಟ್ಟು ಬಂದದ್ದೂ ಅದಕ್ಕೇ. ನಮ್ಮ ಪಕ್ಕ ಒಂದು ದಿನವೂ ಕೂತವನಲ್ಲ, ಇವನಿಗೆ ಗೊತ್ತಾಯಿತು. ಇವಳಿಗೆ ಗೊತ್ತಾಗಲಿಲ್ಲವೇ?

ಸೌಂದರ್ಯ ಕೂತಳು. ತನ್ನ ಎದುರಿನ ಮಣೆಯನ್ನು ಸೆರಗಿನಲ್ಲಿ ಒರೆಸಿದಳು. ನಾನು ಕೂರುವ ಮಣೆ. "ಬಾ ಅಕ್ಕ," ಅಂದಳು. ದಿನಾ ಬೆಳಿಗ್ಗೆ ಕರೆಯುವ ದನಿಯಲ್ಲೇ ಕರೆದಳು. "ನಂದು ತಪ್ಪಾಯ್ತು. ಬೈಯ್ಯಂಗಿದ್ರೆ ಬೈಯಿ. ಮೂಡಲ ಅಟ್ಟದ್ದು ಇನ್ನೂ ಅಷ್ಟು ಐತೆ. ಏಣು ಮೇಲ್ಮಾಡಿ ಕೊಡು, ಒಡೀತೀನಿ."

ನನ್ನ ಕಾಲು ಒಂದು ಹೆಜ್ಜೆ ಆ ಕಡೆ ಹೋಯಿತು. ಸುಳ್ಳು ಹೇಳುವುದಿಲ್ಲ. ಬೈಯ್ಯಬೇಕು, ಇನ್ನೊಂದು ಗಂಟೆ ಮುಖ ತಿರುಗಿಸಿಕೊಂಡು ಕೂರಬೇಕು, ಮಧ್ಯಾಹ್ನ ಅವಳ ಬುತ್ತಿಯಿಂದ ಚಟ್ನಿ ಹಾಕಿಸಿಕೊಳ್ಳಬೇಕು, ಅಲ್ಲಿಗೆ ಮುಗಿಯಬೇಕು ಅಂತ ನನ್ನ ಮೈ ತಾನೇ ಅಂದುಕೊಂಡಿತ್ತು. ಮಣೆಯ ಹತ್ತಿರ ಹೋಗಿ ನಿಂತೆ. ಕೂರುವ ಮುಂಚೆ ಒಂದು ಮಾತು ಕೇಳಿದೆ.

"ಸೌಂದರ್ಯ, ನಾನು ಆ ಸಿಪ್ಪೆ ತರ್ದೇ ಇದ್ದಿದ್ರೆ ನೀನು ಹೇಳ್ತಿದ್ದೇನೇ?"

ಅವಳು ಮಚ್ಚಿನ ಹಿಡಿಯನ್ನು ನೋಡಿದಳು.

"ಇವತ್ತಲ್ದಿದ್ರೆ ನಾಳೆ? ಇವ್ರೆಲ್ಲ ಹೋದ್ಮೇಲೆ ನಂಗೊಬ್ಳಿಗಾದ್ರೂ?"

"ಯಾಕಕ್ಕ ಈಗ ಅದೆಲ್ಲ. ಕೂತ್ಕೊ."

"ಹೇಳ್ತಿದ್ಯಾ ಇಲ್ವಾ?"

ಅವಳು ಬಾಯಿ ಬಿಡಲಿಲ್ಲ. ಹ್ಞೂಂ ಅಂದಿದ್ದರೆ ಸಾಕಿತ್ತು. ಸುಳ್ಳಿಗಾದರೂ ಅಂದಿದ್ದರೆ ನಾನು ಕೂತುಬಿಡುತ್ತಿದ್ದೆನೋ ಏನೋ. ಆದರೆ ಬೆಳಗಿನಿಂದ ಅಷ್ಟು ಸುಳ್ಳು ಹೇಳಿದವಳು ಈ ಒಂದನ್ನು ಹೇಳಲಿಲ್ಲ. ಆ ಸಿಪ್ಪೆ ಸಿಗದಿದ್ದರೆ ನನ್ನ ಕಿವಿ ಕೆಟ್ಟಿತು ಅಂತ ಊರೆಲ್ಲ ಆಡಿಕೊಳ್ಳುತ್ತಿತ್ತು, ನಾನು ಮನೆಯಲ್ಲಿ ಕೂತು ಒಂದೊಂದೇ ಸದ್ದನ್ನು ಅನುಮಾನದಿಂದ ಕೇಳಿಸಿಕೊಳ್ಳುತ್ತಿದ್ದೆ, ಇವಳು ಶೆಡ್ಡಿನಲ್ಲಿ ಮೇಸ್ತ್ರಿಯಾಗಿರುತ್ತಿದ್ದಳು. ಹಬ್ಬಕ್ಕೆ ನನ್ನ ಮನೆಗೆ ಬಂದು, ಕಿವಿ ಹೇಗಿದೆ ಅಕ್ಕ ಅಂತ ಕೇಳುತ್ತಿದ್ದಳು. ಎಣ್ಣೆಯನ್ನೂ ಬಿಡುತ್ತಿದ್ದಳು.

ನಾನು ಬ್ಯಾಗು ಎತ್ತಿಕೊಂಡೆ.

"ಎಲ್ಲಿಗೆ?" ಅಂದರು ತೋಂಟದಾರ್ಯರು. "ಮೂಡಲ ಅಟ್ಟದಲ್ಲಿ ಬೊಟ್ಟಿಲ್ದಿರೋ ಕಾಯಿ ಹಂಗೇ ಐತಲ್ಲ?"

"ನಿಮ್ ಮೆದು ಹುಡ್ಗಿ ಇದಾಳಲ್ಲ, ಅಲುಗ್ಸಿ ನೋಡ್ತಾಳೆ."

"ಲೇ ಕೆಂಚಮ್ಮ, ಅನ್ನ ತಿಂದ ಮನೆ ಕಣೇ ಇದು!"

"ಅನ್ನ ನೀವು ಹಾಕಿದ್ರಿ, ತಿಂದಿದ್ದು ದುಡಿದು."

ಗಂಗಾಧರ್ ನಾಲ್ಕು ಹೆಜ್ಜೆ ಹಿಂದೆ ಬಂದ. "ನೋಡಮ್ಮ, ನಿಂಗೆ ಒಡೆಯೋಕೆ ಬೇರೆಯವ್ರನ್ನ ಕೊಡ್ತೀನಿ," ಅಂದ. ನಾನು ತಿರುಗಲಿಲ್ಲ. ಬೇರೆಯವರಿಗೆ ಏಣು ಮೇಲು ಮಾಡಿ ಕೊಡಲು ನನ್ನ ಕೈಗೆ ಮನಸ್ಸಿರಲಿಲ್ಲ.

ಹಿಂದೆ ಮಚ್ಚಿನ ಸದ್ದು ಕೇಳಿಸಿತು. ಸೌಂದರ್ಯ ಯಾವುದೋ ಒಂದು ಕಾಯಿ ತಾನೇ ಎತ್ತಿಕೊಂಡು ಒಡೆಯಲು ಶುರು ಮಾಡಿದ್ದಳು. ಏಟು ಜೋರಾಗಿ ಬಿತ್ತು. ಉಂಡೆ ಏನಾಯಿತೋ ನಾನು ನೋಡಲಿಲ್ಲ.

ಗೇಟಿನ ತನಕ ಜವರಪ್ಪ ಓಡಿ ಬಂದ. "ಸಿಟ್ಟಿಗೇನೋ ಹೊಂಟೆ. ಕ್ರಾಸಲ್ಲಿ ಒಂದು ಟೀ ಕುಡ್ದು ಬಾರಮ್ಮ. ನಾನು ಹೇಳಿರ್ತೀನಿ, ಬತ್ತದೆ ಅಂತ."

"ಹೇಳ್ಬೇಡ," ಅಂದೆ. "ಬರಲ್ಲ."

ಸೌಂದರ್ಯ ಆಮೇಲೆ ಎರಡು ಸಲ ನನ್ನ ಮನೆಗೆ ಬಂದು ಬಾಗಿಲಲ್ಲಿ ನಿಂತು ಹೋದಳಂತೆ. ಗಂಗಾಧರನ ಗಾಡಿಯೂ ಬಂದಿತ್ತು. ಗುರುಸಿದ್ದಮ್ಮನವರೂ ಬಾ ಅಂತ ಹೇಳಿ ಕಳಿಸಿದ್ದರು. ನಾನು ಹೋಗಲಿಲ್ಲ.